ಗೀಸರ್ ಕಾಯಿಲ್ ಪದೇ ಪದೇ ಸುಡ್ತಾ ಇದ್ಯಾ? ಮೊದಲು ಸಂಪಿನಲ್ಲಿ ಯಾವ ನೀರಿದೆ ನೋಡಿ

ಬೆಂಗಳೂರು: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಸಂಪಿಗೆ ಎರಡು ಥರದ ನೀರು ಬೀಳುತ್ತೆ. ನೀರು ಬಿಟ್ಟ ದಿನ ಕಾವೇರಿ, ಬಿಡದ ದಿನ ಬೋರ್ ಇಲ್ಲವೇ ಟ್ಯಾಂಕರ್. ಕಣ್ಣಿಗೆ ಎರಡೂ ಒಂದೇ. ಆದರೆ ಗೀಸರ್‌ಗೆ ಗೊತ್ತಾಗುತ್ತೆ, ಸೋಪಿಗೆ ಗೊತ್ತಾಗುತ್ತೆ, ತೊಗರಿ ಬೇಳೆಗಂತೂ ಚೆನ್ನಾಗೇ ಗೊತ್ತಾಗುತ್ತೆ. ಬೋರ್ ನೀರಲ್ಲಿ ಬೇಳೆ ಬೇಗ ಬೇಯಲ್ಲ ಅಂತ ಅಡುಗೆಮನೆಯಲ್ಲಿ ಹೇಳೋ ಮಾತು ಸುಳ್ಳಲ್ಲ.

ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಾಗಿ ಕರಗಿರೋ ನೀರೇ ಗಡಸು ನೀರು. ಇಲ್ಲಿನ ಜನ ಉಪ್ಪು ನೀರು ಅಂತಾರೆ. ಕಾವೇರಿ ನೀರು ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಆಗಿ ಬರೋ ನದಿ ನೀರು, ಗಡಸುತನ ಕಡಿಮೆ. ಬೋರ್ ನೀರು ನೂರಾರು ಅಡಿ ಆಳದ ಬಂಡೆ ಬಿರುಕುಗಳಲ್ಲಿ ನಿಂತು, ಕಲ್ಲಿನ ಖನಿಜ ಕರಗಿಸಿಕೊಂಡು ಮೇಲೆ ಬರುತ್ತೆ. ಟ್ಯಾಂಕರ್‌ನಲ್ಲಿ ಬರೋದೂ ಹೆಚ್ಚಾಗಿ ಯಾವುದೋ ಬೋರ್‌ನ ನೀರೇ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಕಾದು ಕೂತವರಿಗೆ ಇದು ಹೊಸದಾಗಿ ಹೇಳಬೇಕಾಗಿಲ್ಲ.

ಕುಡಿಯೋ ನೀರಿನ ಭಾರತೀಯ ಮಾನದಂಡದ (ಐಎಸ್ 10500) ಪ್ರಕಾರ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 600ರ ತನಕ ಒಪ್ಪಬಹುದು. ಆದರೆ ಇದು ಕುಡಿಯೋರನ್ನ ನೋಡಿ ಮಾಡಿದ ಲೆಕ್ಕ, ಗೀಸರ್‌ನ ನೋಡಿ ಅಲ್ಲ.

ಗೀಸರ್ ಒಳಗೆ ಆಗೋದು ಇಷ್ಟು. ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ಹಳೇ ಹಂಡೆಗಳ ತಳದಲ್ಲಿ ಕಟ್ಟುತ್ತಿದ್ದ ಬಿಳಿ ಗಾರು ಇದೇ. ಎಲ್ಲಕ್ಕಿಂತ ಬಿಸಿ ಇರೋ ಜಾಗ ಕಾಯಿಲ್, ಹಾಗಾಗಿ ಮೊದಲು ಅಲ್ಲೇ ಕೂರುತ್ತೆ. ಪದರ ದಪ್ಪ ಆದಂತೆ ಬಿಸಿ ನೀರಿಗೆ ದಾಟಲ್ಲ. ಕರೆಂಟ್ ಬಿಲ್ ಏರುತ್ತೆ, ಕಾಯಿಲ್ ತನ್ನ ಬಿಸಿಗೆ ತಾನೇ ಸುಟ್ಟು ಹೋಗುತ್ತೆ.

ಒಂದು ಲೆಕ್ಕ ಹಾಕಿ ನೋಡಿ. ಗಡಸುತನ 300 ಇರೋ ನೀರನ್ನ ಮನೆಯವರು ದಿನಕ್ಕೆ 60 ಲೀಟರ್ ಕಾಯಿಸಿದರೆ, ಗೀಸರ್ ಮೂಲಕ ದಿನಕ್ಕೆ 18 ಗ್ರಾಂ, ತಿಂಗಳಿಗೆ ಅರ್ಧ ಕೆ.ಜಿ.ಗೂ ಹೆಚ್ಚು ಗಡಸು ಹಾದು ಹೋಗುತ್ತೆ. ಎಲ್ಲಾ ಅಲ್ಲೇ ಕೂರಲ್ಲ. ಹತ್ತರಲ್ಲಿ ಒಂದು ಪಾಲು ಕೂತರೂ ತಿಂಗಳಿಗೆ 50 ಗ್ರಾಂ ಮೇಲಾಯ್ತು.

ಅಂಗಡಿಯವರ ಜೊತೆ ಜಗಳ ಶುರುವಾಗೋದೂ ಇಲ್ಲಿಂದಲೇ. ಗೀಸರ್ ಕೆಟ್ಟಾಗ ಗಿರಾಕಿ ಮೊದಲು ಬೈಯೋದು ಮಾರಿದವರನ್ನ. ಆದರೆ ಹಲವು ಕಂಪನಿಗಳ ವಾರಂಟಿ ಕಾರ್ಡಿನಲ್ಲಿ ಗಡಸು ನೀರಿನಿಂದ ಆದ ಹಾನಿಗೆ ಹೊಣೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಮಾರೋವಾಗಲೇ "ಮನೇಲಿ ಬೋರ್ ನೀರಾ ಸಾರ್?" ಅಂತ ಒಂದು ಮಾತು ಕೇಳಿದ್ರೆ ಇಬ್ಬರಿಗೂ ಒಳ್ಳೇದು.

ವಾಷಿಂಗ್ ಮಷಿನ್‌ದು ಬೇರೆ ಕಥೆ. ಗಡಸು ನೀರಲ್ಲಿ ಸೋಪು ನೊರೆ ಬರೋ ಬದಲು ಗಷ್ಟಾಗುತ್ತೆ, ಬಟ್ಟೆ ಒರಟಾಗುತ್ತೆ, ಬಿಳಿ ಅಂಗಿ ಮಂಕಾಗುತ್ತೆ. ಜನ ಇನ್ನೊಂದು ಚಮಚ ಪುಡಿ ಸುರೀತಾರೆ. ನೀರು ಕಾಯಿಸೋ ಫ್ರಂಟ್ ಲೋಡ್ ಮಷಿನ್ ಆದ್ರೆ ಅದರ ಹೀಟರ್‌ಗೂ ಗೀಸರ್ ಗತಿಯೇ. ದರ್ಶಿನಿಗಳ ಬಾಯ್ಲರ್, ಡ್ರೈಕ್ಲೀನರ್‌ಗಳ ಸ್ಟೀಮ್ ಇಸ್ತ್ರಿ ಪೆಟ್ಟಿಗೆ ಕೂಡ ಇದರಲ್ಲೇ ಸೇರುತ್ತೆ.

ಇನ್ನು ಟಿಡಿಎಸ್ ಮೀಟರ್. ಪೆನ್ನಿನಂಥ ಈ ಮೀಟರ್ ಅದ್ದಿ, ನಂಬರ್ ತೋರಿಸಿ ಹೆದರಿಸಿ ಮಾರೋರು ಬೀದಿ ಬೀದೀಲಿ ಇದ್ದಾರೆ. ಅದು ಒಟ್ಟು ಕರಗಿದ ಲವಣದ ಅಂದಾಜು ಹೇಳುತ್ತೆ, ಗಡಸುತನ ಎಷ್ಟು ಅಂತ ಹೇಳಲ್ಲ. ಸಾಫ್ಟ್‌ನರ್ ಹಾಕಿಸಿದವರು ಆಮೇಲೆ ಮೀಟರ್ ಅದ್ದಿ "ನಂಬರ್ ಇಳಿದೇ ಇಲ್ಲ, ಮೋಸ" ಅಂತ ಕೂಗಾಡೋದೂ ಉಂಟು. ಸಾಫ್ಟ್‌ನರ್ ಕೆಲಸ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡೋದು. ಹಾಗಾಗಿ ಟಿಡಿಎಸ್ ಇಳಿಯಲ್ಲ, ಗಡಸು ಮಾತ್ರ ಇಳಿಯುತ್ತೆ. ಕಾಲಕಾಲಕ್ಕೆ ಅದಕ್ಕೆ ಉಪ್ಪು ಹಾಕಿ ತೊಳೀಬೇಕು. ಮರೆತರೆ ಅದು ಬರೀ ಡಬ್ಬ. ಬಿಪಿ ಇರೋರು ಆ ನೀರು ಕುಡಿಯೋದು ಬೇಡ, ಅಡುಗೆಗೆ ಬೇರೆ ನಲ್ಲಿ ಇರಲಿ.

ಗಡಸು ನೋಡೋಕೆ ಹನಿ ಹಾಕಿ ಬಣ್ಣ ಬದಲಾಗೋ ಟೆಸ್ಟ್ ಕಿಟ್ ಸಿಗುತ್ತೆ. ಅದೂ ಬೇಡ ಅಂದ್ರೆ ಎರಡು ಬಾಟಲಿಯಲ್ಲಿ ಕಾವೇರಿ, ಬೋರ್ ನೀರು ಬೇರೆ ಬೇರೆ ತುಂಬಿ, ಒಂದಿಷ್ಟೇ ಸೋಪು ತುರಿದು ಹಾಕಿ ಅಲ್ಲಾಡಿಸಿ. ನೊರೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಡಿಟರ್ಜೆಂಟ್ ಪುಡಿಯಲ್ಲಿ ಈ ಪರೀಕ್ಷೆ ಸರಿಯಾಗಿ ಆಗಲ್ಲ.

ದುಡ್ಡು ಹೆಚ್ಚು ಹಾಕದೇ ಮಾಡಬಹುದಾದದ್ದೂ ಇದೆ. ಗೀಸರ್ ಬಿಸಿ 50 ಡಿಗ್ರಿ ಆಸುಪಾಸಿಗೆ ಇಳಿಸಿದರೆ ಗಾರು ಕಟ್ಟೋದು ನಿಧಾನ ಆಗುತ್ತೆ. ಬೋರ್ ನೀರಿನ ಮನೆಯವರು ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿಸಿ ತೊಳೆಸಿ, ಒಳಗಿನ ಮೆಗ್ನೀಷಿಯಂ ರಾಡ್ ಸವೆದಿದ್ಯಾ ನೋಡಿಸಬೇಕು. ಷವರ್, ಕೆಟಲ್‌ಗೆ ದಿನಸಿ ಅಂಗಡೀಲಿ ಸಿಗೋ ನಿಂಬೆ ಉಪ್ಪು ಸಾಕು. ಬಾತ್‌ರೂಮ್ ಆಸಿಡ್ ಮಾತ್ರ ಗೀಸರ್‌ಗೆ ಹಾಕಬೇಡಿ, ಲೋಹ ತಿಂದು ಹಾಕುತ್ತೆ. ಬ್ಲೀಚಿಂಗ್ ಪುಡಿ ಜೊತೆ ಆಸಿಡ್ ಸೇರಿದ್ರೆ ವಿಷದ ಗಾಳಿ ಬರುತ್ತೆ. ಆರ್‌ಒ ಹೊರಗೆ ಬಿಡೋ ನೀರು ಇನ್ನೂ ಗಡಸು, ನೆಲ ಒರೆಸೋಕೆ ಸರಿ, ವಾಷಿಂಗ್ ಮಷಿನ್‌ಗೆ ಬೇಡ.

ಮಳೆ ನೀರಿಗೆ ಗಡಸೇ ಇಲ್ಲ ಅನ್ನಬಹುದು. ಈ ಭಾಗದಲ್ಲಿ ಮಾಮೂಲಾದ 30-40 ಸೈಟಿನ ಮೇಲೆ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಮಳೆ ಬೀಳುತ್ತೆ. ಅದನ್ನೆಲ್ಲ ಹಿಡಿಯೋಕಾಗಲ್ಲ, ಸಂಪು ಅಷ್ಟು ದೊಡ್ಡದಿರಲ್ಲ. ಆದರೆ ಮನೆ ಕಟ್ಟಿಸೋರು, ಪೈಪ್ ಬದಲಾಯಿಸೋರು ಪ್ಲಂಬರ್‌ಗೆ ಮೊದಲೇ ಹೇಳಿ, ಬೋರ್ ನೀರಿಗೆ ಬೇರೆ ಟ್ಯಾಂಕ್ ಇಡಿಸಬಹುದು. ಬೋರ್ ಲೈನು ಟಾಯ್ಲೆಟ್, ಗಿಡಕ್ಕೆ. ಮಳೆ, ಕಾವೇರಿ ಲೈನು ಗೀಸರ್, ಮಷಿನ್, ಅಡುಗೆಮನೆಗೆ. ಬಾಡಿಗೆಗೆ ಮನೆ ಹುಡುಕೋರು ಅಡ್ವಾನ್ಸ್ ಕೊಡೋ ಮುಂಚೆ ಬಾತ್‌ರೂಮ್ ನಲ್ಲಿಯ ಬಾಯಿ ನೋಡಿ. ಸುತ್ತ ಬಿಳಿ ಸುಣ್ಣ ಕಟ್ಟಿದ್ರೆ ಸಂಪಿಗೆ ಯಾವ ನೀರು ಬರುತ್ತೆ ಅಂತ ಓನರ್‌ನ ಕೇಳಬೇಕಾಗೇ ಇಲ್ಲ.