ರಾಜನಿಗೆ ಓರೆ ದಾರಿಯೂ ಅಷ್ಟೇ ದೂರ: ಮೊಬೈಲ್ ಚೆಸ್ ಮನೆ ಎಣಿಸುವುದು ಹೀಗೆ

ಗಿರಾಕಿ ಇಲ್ಲದ ಮಧ್ಯಾಹ್ನ ಮೊಬೈಲ್‌ನಲ್ಲಿ ಚೆಸ್ ಆಡುವವರಿಗೆ ಇದು ಗೊತ್ತಿರುತ್ತೆ. ಕಾಯಿಗಳೆಲ್ಲ ಖಾಲಿಯಾಗಿ ಕೊನೆಗೆ ರಾಜ, ಒಂದು ಪ್ಯಾದೆ ಉಳಿದಾಗ ‘ಇನ್ನೇನು, ಓಡಿ ಮಂತ್ರಿಯಾಗುತ್ತೆ’ ಅಂತ ಪ್ಯಾದೆಯನ್ನು ಬಿಡ್ತೀವಿ. ಎಲ್ಲೋ ಮೂಲೆಯಲ್ಲಿದ್ದ ಎದುರಾಳಿ ರಾಜ ಬಂದು ಹಿಡಿದೇಬಿಡ್ತಾನೆ. ಮೊಬೈಲ್ ಮೋಸ ಮಾಡ್ತು ಅನ್ನೋರೂ ಇದ್ದಾರೆ. ನಾವು ಕಣ್ಣಳತೆಯಲ್ಲಿ ನೋಡಿದ್ದನ್ನು ಅದು ಹೆಜ್ಜೆ ಎಣಿಸಿ ನೋಡಿರುತ್ತೆ, ಅಷ್ಟೇ.

ಲೆಕ್ಕ ಸುಲಭ. ಬೋರ್ಡಿನಲ್ಲಿ ಎಡದಿಂದ ಬಲಕ್ಕೆ ಎ, ಬಿ, ಸಿ ಅಂತ ಎಚ್ ವರೆಗೆ 8 ಸಾಲು, ಕೆಳಗಿನಿಂದ ಮೇಲಕ್ಕೆ 1ರಿಂದ 8. ಎರಡು ಮನೆಗಳ ನಡುವೆ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತ ಪ್ರೋಗ್ರಾಂ ಕಳೆದು ನೋಡುತ್ತೆ. ಎರಡರಲ್ಲಿ ಯಾವುದು ದೊಡ್ಡದೋ ಅಷ್ಟೇ ಹೆಜ್ಜೆ ರಾಜನಿಗೆ ಬೇಕು. ಓರೆಯಾಗಿ ಒಂದು ಹೆಜ್ಜೆ ಇಟ್ಟರೆ ಅಡ್ಡಕ್ಕೂ ಒಂದು, ಉದ್ದಕ್ಕೂ ಒಂದು ಮನೆ ಸಾಗಿದಂತೆ. ಒಂದೇ ಟಿಕೆಟ್‌ನಲ್ಲಿ ಎರಡು ಊರು! ಹಾಗಾಗಿ ಎ1 ಮೂಲೆಯಿಂದ ಎಚ್8 ಮೂಲೆಗೂ 7 ನಡೆ, ಎ1ರಿಂದ ನೇರ ಎ8ಕ್ಕೂ 7 ನಡೆ. ಸ್ಕೇಲ್ ಇಟ್ಟರೆ ಮೊದಲನೆಯದು ಬಹಳ ಉದ್ದ ಕಾಣುತ್ತೆ. ಈ ಅಳತೆಗೆ ರಷ್ಯಾದ ಗಣಿತಜ್ಞ ಚೆಬಿಷೆವ್ ಹೆಸರಿದೆ.

ಇದರ ಮಜಾ ತೋರಿಸಿದ್ದು ರಿಚರ್ಡ್ ರೇಟಿ ಎಂಬ ಆಟಗಾರ, 1921ರಲ್ಲಿ, ಕಂಪ್ಯೂಟರ್ ಹುಟ್ಟುವ ಮೊದಲೇ. ಬೋರ್ಡಿದ್ದರೆ ಜೋಡಿಸಿ ನೋಡಿ. ಬಿಳಿ ರಾಜ ಎಚ್8, ಬಿಳಿ ಪ್ಯಾದೆ ಸಿ6. ಕಪ್ಪು ರಾಜ ಎ6, ಕಪ್ಪು ಪ್ಯಾದೆ ಎಚ್5. ನಡೆ ಬಿಳಿಯದು. ಕಪ್ಪು ಪ್ಯಾದೆ 4 ನಡೆಯಲ್ಲಿ ಮಂತ್ರಿಯಾಗುತ್ತೆ. ಬಿಳಿ ರಾಜ ನೇರ ಅಟ್ಟಿಸಿಕೊಂಡು ಹೋದರೆ ಎರಡು ಹೆಜ್ಜೆ ಹಿಂದೆ ಬೀಳ್ತಾನೆ. ಇತ್ತ ಬಿಳಿ ಪ್ಯಾದೆ ಕಪ್ಪು ರಾಜನ ಕೈಗೆಟಕುವಷ್ಟು ಹತ್ತಿರ. ನೋಡಿದ ಯಾರೇ ಆದರೂ ಬಿಳಿ ಸೋತಿತು ಅಂತಾರೆ.

ಬಿಳಿ ಸೋಲಲ್ಲ, ಆಟ ಡ್ರಾ. ರಾಜ ಓರೆಯಾಗಿ ಜಿ7, ಎಫ್6, ಇ5 ಅಂತ ಇಳೀತಾನೆ. ಕಪ್ಪು ತನ್ನ ಪ್ಯಾದೆಯನ್ನೇ ಓಡಿಸಿದರೆ ಬಿಳಿ ರಾಜ ತನ್ನ ಪ್ಯಾದೆಯ ಪಕ್ಕ ಹೋಗಿ ಅದನ್ನೂ ಮಂತ್ರಿ ಮಾಡಿಸ್ತಾನೆ. ಇಲ್ಲ, ಕಪ್ಪು ರಾಜ ಎರಡು ನಡೆ ಖರ್ಚು ಮಾಡಿ ಬಿಳಿ ಪ್ಯಾದೆಯನ್ನು ಹೊಡೆದರೆ, ಬಿಳಿ ರಾಜ ಇ5ರಿಂದ ಎಫ್4, ಜಿ3, ಎಚ್2 ಅಂತ ತಿರುಗಿ ಕಪ್ಪು ಪ್ಯಾದೆಯನ್ನು ಹಿಡೀತಾನೆ. ಎಚ್8ರಿಂದ ಎಚ್2ಕ್ಕೆ ಒಟ್ಟು 6 ನಡೆ. ನೇರ ಬಂದಿದ್ದರೂ 6 ನಡೆಯೇ! ಸುತ್ತು ದಾರಿಗೆ ಒಂದು ಹೆಜ್ಜೆಯೂ ಹೆಚ್ಚಿಗೆ ಆಗಲಿಲ್ಲ, ದಾರಿಯಲ್ಲಿ ಇನ್ನೊಂದು ಕೆಲಸ ಬೇರೆ ಆಯ್ತು.

ಪ್ರೋಗ್ರಾಂಗೆ ಈ ದೂರ ಪದೇಪದೇ ಬೇಕಾಗುತ್ತೆ. ಪ್ರತಿ ಸಲ ಕಳೆಯುತ್ತಾ ಕೂರುವ ಬದಲು 64 ಮನೆಗೆ 64 ಮನೆ, ಒಟ್ಟು 4,096 ದೂರಗಳನ್ನು ಮೊದಲೇ ಬರೆದಿಡುವುದುಂಟು. ಅಂಗಡಿಯ ದರಪಟ್ಟಿ ಇದ್ದಂಗೆ. ಕುದುರೆಗಂತೂ ಬೇರೆಯದೇ ಪಟ್ಟಿ ಬೇಕು. ಎ1ರಲ್ಲಿರುವ ಕುದುರೆ ಓರೆಯಾಗಿ ಅಂಟಿಕೊಂಡೇ ಇರುವ ಬಿ2ಕ್ಕೆ ಹೋಗಲು 4 ನಡೆ ಬೇಕು, ಆಚೆ ತುದಿಯ ಎಚ್8ಕ್ಕೆ 6 ಸಾಕು.

ಇನ್ನೊಂದು ಅಳತೆ ಮ್ಯಾನ್‌ಹಟನ್ ದೂರ. ನ್ಯೂಯಾರ್ಕ್ ನಗರದ ಆ ಭಾಗದಲ್ಲಿ ಕಟ್ಟಡಗಳನ್ನು ತೂರಿ ಓರೆಯಾಗಿ ಹೋಗೋಕಾಗಲ್ಲ, ಬೀದಿ ಹಿಡಿದೇ ನಡೀಬೇಕು. ಹಾಗೆಯೇ ಅಡ್ಡ, ಉದ್ದ ಎರಡನ್ನೂ ಕೂಡಿಸಿದರೆ ಎ1ರಿಂದ ಎಚ್8ಕ್ಕೆ 14. ಇದು ಬೇಕಾಗೋದು ಗೆದ್ದ ಆಟ ಮುಗಿಸೋಕೆ. ಒಂಟಿ ರಾಜನ ಎದುರು ನಮ್ಮ ಹತ್ತಿರ ಆನೆ ಇದ್ದರೂ, ಯಾವ ಕಾಯಿಯನ್ನೂ ಹೊಡೆಯದೆ, ಪ್ಯಾದೆ ನಡೆಸದೆ 50 ನಡೆ ಕಳೆದರೆ ಎದುರಾಳಿ ಡ್ರಾ ಕೇಳಬಹುದು. ನಾಲ್ಕಾರು ನಡೆ ಮಾತ್ರ ಮುಂದೆ ನೋಡುವ ಪ್ರೋಗ್ರಾಂ ಚೆಕ್‌ಮೇಟ್ ಕಾಣದೆ ಸುಮ್ಮನೆ ಅಲೆಯುತ್ತೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ‘ಚೆಸ್ 4.5’ ಪ್ರೋಗ್ರಾಂ ಬರೆದ ಡೇವಿಡ್ ಸ್ಲೇಟ್, ಲ್ಯಾರಿ ಆಟ್ಕಿನ್ 1970ರ ದಶಕದಲ್ಲಿ ಇದಕ್ಕೆ ಅಂಕ ಕೊಟ್ಟರು: ಸೋಲುವ ರಾಜ ನಡುವಿನಿಂದ ದೂರ ಸರಿದಷ್ಟೂ, ನಮ್ಮ ರಾಜ ಅವನ ಹತ್ತಿರ ಹೋದಷ್ಟೂ ಅಂಕ ಜಾಸ್ತಿ. ಅಂಕದ ಆಸೆಗೆ ಪ್ರೋಗ್ರಾಂ ಅವನನ್ನು ಅಂಚಿಗೆ ದಬ್ಬುತ್ತೆ.

ಇದೇ ಲೆಕ್ಕ ಒಂಟೆ, ಕುದುರೆ ಎರಡೇ ಉಳಿದಾಗ ಕೈಕೊಡುತ್ತೆ. ಅಲ್ಲಿ ಎದುರಾಳಿ ತಪ್ಪು ಮಾಡದಿದ್ದರೆ ನಮ್ಮ ಒಂಟೆಯ ಬಣ್ಣದ ಮೂಲೆಯಲ್ಲಿ ಮಾತ್ರ ಚೆಕ್‌ಮೇಟ್ ಸಿಗೋದು. ಸರಿಯಾಗಿ ಆಡಿದರೂ 33 ನಡೆವರೆಗೆ ಬೇಕಾಗಬಹುದು. ಅದಕ್ಕೇ ನಡುವಿನ ದೂರ ಬಿಟ್ಟು, ಆ ಬಣ್ಣದ ಮೂಲೆ ಎಷ್ಟು ದೂರ ಅಂತ ಅಳೆಯಲು ಪ್ರೋಗ್ರಾಂಗೆ ಬೇರೆಯಾಗಿ ಹೇಳಿಕೊಡ್ತಾರೆ.