ಕಣ್ಣಿನೊಳಗನ್ನು ತೋರುವ ಕೈದೀಪ

ದೀಪವೂ ಮಸೂರಗಳೂ ಇರುವ ಆಫ್ತಾಲ್ಮೋಸ್ಕೋಪ್, ಕಣ್ಣಿನ ಒಳಭಾಗವನ್ನು ಹಿಗ್ಗಿಸಿ ತೋರುವ ಕೈ ಉಪಕರಣ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಅದಕ್ಕೆ ಮುಂಚೆ, ನೋಡಲು ಬಾಗಿದವರ ತಲೆಯೇ ಬೆಳಕಿಗೆ ಅಡ್ಡವಾಗುತ್ತಿತ್ತು. ಬೆಳಕನ್ನೂ ನೋಟವನ್ನೂ ಒಂದೇ ದಾರಿಯಲ್ಲಿ ಸಾಗಿಸಿದ್ದು ಅವರ ದೊಡ್ಡ ಸಾಧನೆ.

ಮಬ್ಬುಗತ್ತಲೆಯ ಕೋಣೆಯಲ್ಲಿ ವೈದ್ಯರು ರೋಗಿಯ ಬಲಗಣ್ಣನ್ನು ತಮ್ಮ ಬಲಗಣ್ಣಿನಿಂದಲೇ ನೋಡುತ್ತಾರೆ. ಮೊದಲು ತುಸು ದೂರದಿಂದ ಪಾಪೆಯ ಕೆಂಪು ಹೊಳಪನ್ನು ಗಮನಿಸುತ್ತಾರೆ. ಮಗುವಿನಲ್ಲಿ ಅದು ಬಿಳಿಯಾಗಿ ಕಂಡರೆ ಪೊರೆಯೋ ಕ್ಯಾನ್ಸರೋ ಇರಬಹುದು, ತಡಮಾಡುವಂತೆಯೇ ಇಲ್ಲ. ತೀರ ಹತ್ತಿರ ಸರಿದಾಗ ರೆಟಿನಾ ಸುಮಾರು 15 ಪಟ್ಟು ಹಿಗ್ಗಿ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದಾದ ರಕ್ತಸ್ರಾವ, ತಲೆಬುರುಡೆಯೊಳಗಿನ ಒತ್ತಡಕ್ಕೆ ಊದಿಕೊಂಡ ದೃಷ್ಟಿನರದ ತುದಿ ಗೋಚರಿಸುತ್ತವೆ.

ನೋಟದ ವ್ಯಾಪ್ತಿ ಮಾತ್ರ ಕಿರಿದು, ರೆಟಿನಾದ ಅಂಚು ಕಾಣದು. ಹಾಗಾಗಿ ಸಕ್ಕರೆ ಕಾಯಿಲೆಯವರು ಇದೊಂದನ್ನೇ ನಂಬದೆ, ಪಾಪೆ ಹಿಗ್ಗಿಸಿ ಮಾಡುವ ಪೂರ್ಣ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು.