ನಿಯಮದಿಂದ ಹೊರಗಿಟ್ಟ ಕುರ್ಚಿಗಳು

1881ರ ಜುಲೈ 2. ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ ಚಾರ್ಲ್ಸ್ ಗಿಟೋ ಕೇಳಿಕೊಂಡು ಅಲೆದಿದ್ದದ್ದು ಪ್ಯಾರಿಸ್ಸಿನಲ್ಲೊಂದು ಸರ್ಕಾರಿ ಹುದ್ದೆಯನ್ನು. ಚುನಾವಣೆಯಲ್ಲಿ ನಿಮ್ಮ ಪರ ದುಡಿದಿದ್ದೇನೆ, ಈಗ ನನ್ನ ಪಾಲು ಕೊಡಿ ಎಂಬುದು ಅವನ ಲೆಕ್ಕ. ಆ ಕಾಲಕ್ಕೆ ಅದೇನೂ ಹುಚ್ಚು ಲೆಕ್ಕವಲ್ಲ. ಗೆದ್ದ ಪಕ್ಷ ಅಂಚೆ ಮಾಸ್ತರರಿಂದ ಹಿಡಿದು ಸುಂಕದ ಕಟ್ಟೆಯ ಗುಮಾಸ್ತರವರೆಗೆ ತನ್ನವರನ್ನೇ ತುಂಬುತ್ತಿತ್ತು. ಗಾರ್‌ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು; ಗುಂಡಿಗಿಂತ ಹೆಚ್ಚಾಗಿ ಗಾಯ ಕೀವಾಗಿ. ಯುರೋಪಿನಲ್ಲಿ ಶಸ್ತ್ರವೈದ್ಯ ಲಿಸ್ಟರ್ ಸೋಂಕುನಾಶಕದ ಪಾಠ ಹೇಳಿ ವರ್ಷಗಳೇ ಆಗಿದ್ದರೂ, ಅಧ್ಯಕ್ಷರ ವೈದ್ಯರು ತೊಳೆಯದ ಬೆರಳಿನಿಂದಲೇ ಗಾಯವನ್ನು ಕೆದಕಿದ್ದರು. ವಿಜ್ಞಾನದ ಮಾತನ್ನು ಅಧಿಕಾರದ ಹತ್ತಿರದವರೇ ಕಿವಿಗೆ ಹಾಕಿಕೊಳ್ಳದಿದ್ದ ಆ ಸಾವಿನಿಂದಲೇ ಅಮೆರಿಕದ ನಾಗರಿಕ ಸೇವಾ ಕಾನೂನಿಗೆ ಬಲ ಬಂತು.

1883ರ ಪೆಂಡಲ್‌ಟನ್ ಕಾಯ್ದೆ ನೇಮಕಾತಿಗೆ ಪರೀಕ್ಷೆಯನ್ನು ತಂದಿತು. ಮೊದಲಿಗೆ ಅದರ ವ್ಯಾಪ್ತಿಗೆ ಬಂದದ್ದು ಹತ್ತರಲ್ಲಿ ಒಂದು ಹುದ್ದೆಯಷ್ಟೇ. 1912ರ ಇನ್ನೊಂದು ಕಾನೂನು ಕಾರಣ ಕೊಡದೆ ವಜಾ ಮಾಡುವಂತಿಲ್ಲ ಎಂದಿತು. 1978ರಲ್ಲಿ ವಜಾ ಆದವರ ಮೇಲ್ಮನವಿ ಕೇಳುವ ಮಂಡಳಿಯೂ ಬಂತು.

ಆರೋಗ್ಯ ಇಲಾಖೆಗೆ ಮಾತ್ರ ಈ ಬೇಲಿಯಲ್ಲಿ ಬಹುಕಾಲದಿಂದ ಒಂದು ಕಿಂಡಿ ಇತ್ತು. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ ಜಾರಿಯಾದ ಸಾರ್ವಜನಿಕ ಆರೋಗ್ಯ ಸೇವಾ ಕಾಯ್ದೆ ‘ವಿಶೇಷ ಸಲಹೆಗಾರ’ರನ್ನು ನಾಗರಿಕ ಸೇವಾ ನಿಯಮಗಳ ಹಂಗಿಲ್ಲದೆ ನೇಮಿಸಿಕೊಳ್ಳಲು ಅವಕಾಶ ಕೊಟ್ಟಿತು. ಖಾಸಗಿ ಆಸ್ಪತ್ರೆ, ಔಷಧ ಕಂಪನಿಗಳು ಕೊಡುವ ಸಂಬಳಕ್ಕೆ ಸರ್ಕಾರಿ ವೇತನ ಶ್ರೇಣಿ ಎಲ್ಲಿ ಸಮ? ಒಳ್ಳೆಯ ವಿಜ್ಞಾನಿಗಳನ್ನು ಹಿಡಿದಿಟ್ಟುಕೊಳ್ಳಲು ಈ ದಾರಿ ಬೇಕೇ ಇತ್ತು. ‘ಟೈಟಲ್ 42’ ಎಂದು ಕರೆಯುವ ಈ ನೇಮಕಾತಿಯಡಿ ಮುಂದೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಸಾವಿರಾರು ಸಂಶೋಧಕರು, ವೈದ್ಯರು ಕೆಲಸಕ್ಕೆ ಬಂದರು. ಸಂಬಳ ಹೆಚ್ಚು, ಆದರೆ ಉಳಿದ ನೌಕರರಷ್ಟು ಭದ್ರತೆ ಇಲ್ಲ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅವರನ್ನು ಕಿತ್ತುಹಾಕುವ ಯೋಚನೆ ಯಾರಿಗಿತ್ತು!

ಭದ್ರತೆಯಿಂದ ಏನುಪಯೋಗ ಎನ್ನುವವರು ಫ್ರಾನ್ಸಿಸ್ ಕೆಲ್ಸಿ ಅವರನ್ನು ನೆನೆಯಬೇಕು. 1960ರಲ್ಲಿ ಔಷಧ ನಿಯಂತ್ರಣ ಸಂಸ್ಥೆಗೆ ಆಗಷ್ಟೇ ಸೇರಿದ್ದ ಈ ವೈದ್ಯೆಯ ಮೇಜಿಗೆ ಥಾಲಿಡೋಮೈಡ್ ಎಂಬ ನಿದ್ದೆ ಮಾತ್ರೆಯ ಅರ್ಜಿ ಬಂತು. ಯುರೋಪಿನಲ್ಲಿ ಆಗಲೇ ಮಾರಾಟದಲ್ಲಿತ್ತು. ಸುರಕ್ಷತೆಯ ಪುರಾವೆ ಸಾಲದು ಎಂದು ಆಕೆ ಕಡತವನ್ನು ಮತ್ತೆ ಮತ್ತೆ ವಾಪಸು ಕಳಿಸಿದರು. ಕಂಪನಿಯವರು ಮೇಲಧಿಕಾರಿಗಳ ಬಾಗಿಲು ಬಡಿದರು. ಕೆಲ್ಸಿ ಜಗ್ಗಲಿಲ್ಲ. ಆ ಮಾತ್ರೆ ನುಂಗಿದ ತಾಯಂದಿರ ಹೊಟ್ಟೆಯಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದು 1961ರ ಕೊನೆಗೆ ಜಗತ್ತಿಗೆ ತಿಳಿಯಿತು. ಮರುವರ್ಷ ಅಧ್ಯಕ್ಷ ಜಾನ್ ಕೆನಡಿ ಆಕೆಗೆ ಸರ್ಕಾರಿ ನೌಕರರ ಅತ್ಯುನ್ನತ ಗೌರವದ ಪದಕ ತೊಡಿಸಿದರು.

ಅರವತ್ತು ವರ್ಷ ಕಳೆಯುವ ಹೊತ್ತಿಗೆ ಗಾಳಿ ತಿರುಗಿತ್ತು. 2020ರ ಅಕ್ಟೋಬರ್ 21ರಂದು, ಚುನಾವಣೆಗೆ ಎರಡು ವಾರವೂ ಇಲ್ಲದಾಗ, ಡೊನಾಲ್ಡ್ ಟ್ರಂಪ್ ‘ಶೆಡ್ಯೂಲ್ ಎಫ್’ ಎಂಬ ಆದೇಶಕ್ಕೆ ಸಹಿ ಹಾಕಿದರು. ನೀತಿ ರೂಪಿಸುವ ಹುದ್ದೆಗಳಿಗೆ ಮೇಲ್ಮನವಿಯ ರಕ್ಷಣೆ ಇಲ್ಲ ಎಂಬ ಹಳೆಯ ವಾಕ್ಯವೊಂದು ಕಾನೂನಿನಲ್ಲಿತ್ತು. ಅದು ಅಧ್ಯಕ್ಷರ ಜತೆಗೇ ಬಂದು ಅವರ ಜತೆಗೇ ಹೋಗುವ ರಾಜಕೀಯ ನೇಮಕಗಳಿಗೆ ಎಂದೇ ಎಲ್ಲರೂ ತಿಳಿದಿದ್ದರು. ಹೊಸ ಆದೇಶ ಅದನ್ನು ವೃತ್ತಿಪರ ಅಧಿಕಾರಿಗಳಿಗೂ ಹಿಗ್ಗಿಸಿತು. ಕೆಲವೇ ದಿನಗಳಲ್ಲಿ ಫ್ಲೋರಿಡಾದ ಪ್ರಚಾರ ಸಭೆಯಲ್ಲಿ ಜನ ಫೌಚಿಯನ್ನು ತೆಗೆಯಿರಿ ಎಂದು ಕೂಗಿದಾಗ, ಚುನಾವಣೆ ಮುಗಿಯಲಿ ಎಂಬರ್ಥದ ಮಾತನ್ನು ಟ್ರಂಪ್ ಆಡಿದರು. ಕೋವಿಡ್ ಕಾಲದ ಮುಖವಾಗಿದ್ದ ಆಂಥನಿ ಫೌಚಿ 1984ರಿಂದ ಏಳು ಅಧ್ಯಕ್ಷರ ಕೆಳಗೆ ಸೋಂಕುರೋಗಗಳ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರ ಕುರ್ಚಿಯಲ್ಲಿ ಕೂತವರು. ಬೈಡನ್ ಬಂದ ಎರಡೇ ದಿನಕ್ಕೆ ಆದೇಶ ರದ್ದಾಯಿತು. 2025ರ ಜನವರಿ 20ರಂದು ಟ್ರಂಪ್ ಅದಕ್ಕೆ ಮತ್ತೆ ಜೀವ ಕೊಟ್ಟರು. ಸುಮಾರು 50,000 ಹುದ್ದೆಗಳು ಇದರಡಿ ಬರಬಹುದೆಂದು ಸರ್ಕಾರವೇ ಅಂದಾಜಿಸಿತು.

ಆರೋಗ್ಯ ಇಲಾಖೆಯಲ್ಲಿ ಆ ಆದೇಶ ಜಾರಿಗೆ ಬರುವವರೆಗೂ ಕಾಯಲಿಲ್ಲ; ಟೈಟಲ್ 42ರ ಹಳೆಯ ಕಿಂಡಿ ಅಲ್ಲಿ ತೆರೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಫೌಚಿಯವರ ಕುರ್ಚಿಗೆ ಬಂದಿದ್ದ ಜೀನ್ ಮರಾಜ್ಜೊ ಸೇರಿದಂತೆ ಹಲವು ಸಂಸ್ಥೆಗಳ ನಿರ್ದೇಶಕರನ್ನು ರಜೆಯ ಮೇಲೆ ಕಳಿಸಲಾಯಿತು. ಬೇಕಿದ್ದರೆ ಅಲಾಸ್ಕದಂಥ ದೂರದ ಸೀಮೆಗಳಲ್ಲಿ ಮೂಲನಿವಾಸಿಗಳ ಆರೋಗ್ಯ ಸೇವೆಗೆ ಹೋಗಿ ಎಂಬ ಆಯ್ಕೆ ಬೇರೆ. ಎತ್ತಂಗಡಿ ಎಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆಗಸ್ಟ್‌ನಲ್ಲಿ ರೋಗ ನಿಯಂತ್ರಣ ಕೇಂದ್ರದ ಮುಖ್ಯಸ್ಥೆ ಸೂಸನ್ ಮೊನಾರೆಜ್ ವಜಾ ಆದರು. ಸೆನೆಟ್ ಅವರ ನೇಮಕವನ್ನು ಒಪ್ಪಿ ಒಂದು ತಿಂಗಳೂ ತುಂಬಿರಲಿಲ್ಲ. ಕಾರಣವಿಲ್ಲದೆ ವೃತ್ತಿಪರ ವಿಜ್ಞಾನಿಗಳನ್ನು ತೆಗೆಯುವಂತೆ ಆರೋಗ್ಯ ಇಲಾಖೆಯ ಮುಖ್ಯಸ್ಥರು ತಮಗೆ ಹೇಳಿದ್ದರೆಂದು ಸೆಪ್ಟೆಂಬರ್‌ನಲ್ಲಿ ಅವರು ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ ನುಡಿದರು. ಆಕೆ ಹೇಳಿದ್ದನ್ನು ಇಲಾಖೆಯ ಮುಖ್ಯಸ್ಥರು ಒಪ್ಪಲಿಲ್ಲ. ಆ ಮುಖ್ಯಸ್ಥ ರಾಬರ್ಟ್ ಕೆನಡಿ ಜೂನಿಯರ್. ಕೆಲ್ಸಿಗೆ ಪದಕ ತೊಡಿಸಿದ್ದು ಅವರ ದೊಡ್ಡಪ್ಪ.

ಶೆಡ್ಯೂಲ್ ಎಫ್ ಆದೇಶದ ಪರ ಇರುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಮತ ಹಾಕಿಸಿಕೊಂಡು ಬಂದ ಸರ್ಕಾರದ ಕೆಲಸಕ್ಕೆ ಯಾರ ಮತವೂ ಬೇಡದ ಅಧಿಕಾರಿ ಅಡ್ಡಗಾಲು ಹಾಕಬಹುದೇ ಎಂದು ಅವರು ಕೇಳುತ್ತಾರೆ. ಮೈಗಳ್ಳನೊಬ್ಬನನ್ನು ಮನೆಗೆ ಕಳಿಸಲು ವರ್ಷಗಟ್ಟಲೆ ವಿಚಾರಣೆ ನಡೆಯುವುದೂ ಸುಳ್ಳಲ್ಲ. ವಿಚಾರಣೆಯನ್ನು ಚುರುಕುಗೊಳಿಸಲಿ, ತಕರಾರಿಲ್ಲ. ಸಂಬಳಕ್ಕೆ ನಿಯಮ ಸಡಿಲಿಸುವುದೂ ಸರಿಯೇ; 1944ರ ಕಾನೂನು ಅದನ್ನು ಮಾಡಿ ದೇಶಕ್ಕೆ ಲಾಭವನ್ನೇ ತಂದಿತು. ಆದರೆ ಲಸಿಕೆ, ಔಷಧಗಳ ಕಡತಕ್ಕೆ ಸಹಿ ಹಾಕುವ ಅಧಿಕಾರಿಯಿಂದ ಮೇಲ್ಮನವಿಯ ಹಕ್ಕನ್ನು ಕಿತ್ತುಕೊಳ್ಳುವುದು ತಪ್ಪು.